ಒಬ್ಬಾಕಿಗೊಂದು ಟೇಬಲ್

ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳಲಿಲ್ಲ. ಆದರೆ "ಇನ್ಮೇಲೆ ರೂಮಿಗೇ ಪಾರ್ಸೆಲ್ ತರಿಸ್ತೀನಿ ಬಿಡವ್ವ" ಅಂದೆಯಲ್ಲ, ಆ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ.

ಮೊದಲ ಸಂಬಳದ ಭಾನುವಾರ. ಬಳ್ಳಾರಿಯ ರಾಯಲ್ ಸರ್ಕಲ್ ಕಡೆ ತಿರುಗಾಡಿ, ಹಸಿದು, ಖುಷಿಯಿಂದ ಹೋಟೆಲಿಗೆ ಹೋಗಿದ್ದೀಯ. "ಎಷ್ಟು ಜನ?" ಅಂದರು. "ಒಬ್ಬಳೇ" ಅಂದೆ. ಕಿಟಕಿ ಪಕ್ಕ ಟೇಬಲ್ ಖಾಲಿ ಇದ್ದರೂ ಕೈ ತೊಳೆಯುವ ಬೇಸಿನ್ ಹತ್ತಿರ ಕೂರಿಸಿದರು. ನಿನ್ನ ನಂತರ ಬಂದ ಎರಡು ಕುಟುಂಬ ಉಂಡು ಎದ್ದರೂ ನಿನಗೆ ನೀರು ಸಹ ಬರಲಿಲ್ಲ. ಕೊನೆಗೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್. ಕೇಳಿದರೆ, "ಎಲ್ಲರಿಗೂ ಹಾಕ್ತೀವಿ ಮೇಡಂ."

"ನಾನೇ ಜಾಸ್ತಿ ತಲೆಗೆ ಹಚ್ಕೊಂಡೆನಾ?" ಅಂತ ಕೇಳಿದೆ. ಇಲ್ಲ ಮಗಳೇ. ಗದ್ದಲದ ಹೊತ್ತಿನಲ್ಲಿ "ಇಲ್ಲಿ ಇನ್ನೊಬ್ಬರು ಕೂರಲಿ" ಅಂದರೆ ಸರಿದು ಕೂರಬೇಕು. ನಮ್ಮ ಖಾನಾವಳಿಗಳಲ್ಲಿ ಗುರುತಿಲ್ಲದವರ ಎದುರು ಕೂತು ಉಣ್ಣುವುದೇ ರೂಢಿ. ಜಾಗ ಇದ್ದೂ ಮೂಲೆ ತೋರಿಸುವುದು ಬೇರೆ. ಅದು ಅವಮಾನವೇ.

ನಿನಗೆ ಹೇಳದ ಒಂದು ಸಂಗತಿ ಇದೆ. ನೀನು ಎರಡು ವರ್ಷದವಳಿದ್ದಾಗ ಅಜ್ಜನನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಸ್ಟೇಷನ್ ರೋಡಿನ ಹೋಟೆಲಿಗೆ ಹೋದೆ. ಬೆಳಿಗ್ಗೆಯಿಂದ ಬರೀ ಚಹಾ ಕುಡಿದಿದ್ದೆ. ಗಲ್ಲೆಯ ಮೇಲೆ ಕೂತಿದ್ದವರು "ಒಬ್ಬಾಕೀನ ಏನವ್ವಾ? ಗಂಡಸ್ರು ಯಾರೂ ಬಂದಿಲ್ಲೇನು?" ಅಂದರು. ಎಲ್ಲರೂ ತಿರುಗಿ ನೋಡಿದರು. ಫ್ಯಾಮಿಲಿ ರೂಮಿನ ಪರದೆ ಹಿಂದೆ ಕೂರಿಸಿದರು. ಫ್ಯಾನ್ ಇಲ್ಲ. ರಾಯಚೂರಿನ ಬಿಸಿಲು ನಿನಗೆ ಗೊತ್ತಲ್ಲ. ಪರದೆಯಾಚೆ ತಟ್ಟೆಗಳ ಸದ್ದು, ಸಾರಿನ ವಾಸನೆ. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಎದ್ದು ಬಂದೆ. ಗಾಡಿಯಲ್ಲಿ ಎರಡು ಬಾಳೆಹಣ್ಣು ಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ತಿಂದೆ. ನಿಮ್ಮಪ್ಪ ಕೇಳಿದಾಗ "ಊಟ ಆಯ್ತು" ಅಂದೆ.

ಅಂದಿನಿಂದ ಒಬ್ಬಳೇ ಎಲ್ಲಿಗೆ ಹೋದರೂ ಬುತ್ತಿ ಕಟ್ಟಿಕೊಂಡೇ ಹೋದೆ. ಅವ್ವಗೆ ಹೋಟೆಲ್ ಊಟ ಸೇರಲ್ಲ ಅಂತ ನೀವೆಲ್ಲ ತಿಳಿದಿರಿ. ಅದು ಸುಳ್ಳು. ಯಾರೋ ಒಬ್ಬರ ಒಂದು ಮಾತಿಗೆ ಇಷ್ಟು ವರ್ಷ ಕೊಟ್ಟುಬಿಟ್ಟೆ. ನಿನ್ನ ಪಾರ್ಸೆಲ್ ಮಾತು ಕೇಳಿ ಹೆದರಿದ್ದು ಅದಕ್ಕೇ.

ನಮ್ಮ ಕಡೆ ಎಷ್ಟೋ ಖಾನಾವಳಿ ನಡೆಸುವವರು ಹೆಂಗಸರೇ. ರೊಟ್ಟಿ ಬಡಿಯುವವರಂತೂ ಅವರೇ. ಆದರೂ ಒಬ್ಬಾಕಿ ಉಣ್ಣಲು ಬಂದರೆ ಜನ ನೋಡುತ್ತಾರಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ವಕೀಲರನ್ನು ಕೇಳಿದೆ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆಯಂತೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಕೊಡುವುದು ಬಿಡುವುದು ನಿನ್ನಿಷ್ಟ. "ತೆಗೀರಿ" ಅನ್ನು. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡು, ಅದು ಗ್ರಾಹಕರ ಸಹಾಯವಾಣಿ. ಬಿಲ್ಲು ಹರಿದು ಹಾಕಿಲ್ಲ ತಾನೆ? ಇನ್ನೊಂದು ಮಾತು ಹೇಳಿದರು. ಹೆಣ್ಣು ಅನ್ನುವ ಕಾರಣಕ್ಕಾಗಲಿ, ಜಾತಿ ಧರ್ಮದ ಕಾರಣಕ್ಕಾಗಲಿ ಹೋಟೆಲಿನೊಳಗೆ ಬಿಡದೆ ಇರುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲೇ ಇದೆಯಂತೆ. ಮೂಲೆಯಲ್ಲಿ ಕೂರಿಸಿದರೆ ಏನು ಮಾಡಬೇಕು ಅಂತ ಕಾನೂನು ಹೇಳಲಿಕ್ಕಿಲ್ಲ. ಅದಕ್ಕೆ ನೀನೇ "ನಾನು ಆ ಟೇಬಲ್ಲಿಗೆ ಕೂರ್ತೀನಿ" ಅನ್ನಬೇಕು. ಜಗಳ ಬೇಡ, ಮೆತ್ತಗೆ ಹೇಳಿದರೂ ಸಾಕು.

ಗವಿಮಠದ ಜಾತ್ರೆಯಲ್ಲಿ ನೀನು ದಾಸೋಹಕ್ಕೆ ಬಡಿಸಲು ನಿಂತಿದ್ದು ನೆನಪಿದೆಯಾ? ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬಂದು ಬೀಳುತ್ತವೆ. ಸಾಲಿನಲ್ಲಿ ಒಬ್ಬಳೇ ಬಂದ ಮುದುಕಿಗೆ "ಎಷ್ಟು ಜನ?" ಅಂತ ನೀನು ಕೇಳಿರಲಿಲ್ಲ. ತಟ್ಟೆ ನೋಡಿ ಬಡಿಸಿದೆ.

ಇವತ್ತು ಮಧ್ಯಾಹ್ನ ನಾನೂ ಹೋಗಿದ್ದೆ. ಒಬ್ಬಳೇ. ಇಲ್ಲೇ ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ. ನಡುವಿನ ಟೇಬಲ್ಲಿಗೆ ಕೂತು ಒಗ್ಗರಣೆ, ಮಿರ್ಚಿ ಹೇಳಿದೆ. ಲೋಟ ಹಿಡಿದ ಕೈ ಸ್ವಲ್ಪ ನಡುಗಿತು. ಪಕ್ಕದವರು ಒಂದು ಸಲ ನೋಡಿ ತಮ್ಮ ಪಾಡಿಗೆ ತಿಂದರು. ಮಿರ್ಚಿ ಬಿಸಿಬಿಸಿ ಇತ್ತು. ಇನ್ನೊಂದು ಪ್ಲೇಟ್ ಹೇಳಿದೆ.

ನಿನ್ನ ಅವ್ವ