ಗೇರ್ ಕೆಲಸಕ್ಕೆ ಇನ್ನು ಒಂದು ದಿನ ಜಾಸ್ತಿ ಕೊಡಿ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಗೇರ್ ಕೆಲಸದ ಕ್ರಮ ಸ್ವಲ್ಪ ಬದಲಾಗುತ್ತದೆ. ಬೆಳಿಗ್ಗೆ ಮುರಿದ ಗೇರ್ ಕೊಟ್ಟು ಸಂಜೆ ಹೊಸತು ಒಯ್ಯುವ ರೂಢಿ ಇನ್ನಿರುವುದಿಲ್ಲ. ಮಾರನೇ ದಿನ ಸಂಜೆಗೆ ಬನ್ನಿ. ಎಣ್ಣೆಮಿಲ್ಲು ನಿಂತರೆ ಒಂದು ದಿನವೂ ದೊಡ್ಡದೇ ಅಂತ ನಮಗೆ ಗೊತ್ತು. ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇವೆ.

ಗೇರ್‌ನ ಹಲ್ಲುಗಳನ್ನು ಸಮನಾಗಿ ಪಾಲು ಮಾಡುವುದು ಡಿವೈಡಿಂಗ್ ಹೆಡ್ ಅನ್ನುವ ಸಾಧನ. ಅದರ ಕ್ರ್ಯಾಂಕ್, ಅಂದರೆ ತಿರುಗಿಸುವ ಹಿಡಿ, 40 ಸುತ್ತು ತಿರುಗಿದರೆ ಗೇರ್ ಒಂದು ಸುತ್ತು ತಿರುಗುತ್ತದೆ. ನಿಮ್ಮದು 28 ಹಲ್ಲಿನ ಗೇರ್ ಅಂತಿಟ್ಟುಕೊಳ್ಳಿ. ಒಂದೊಂದು ಹಲ್ಲಿಗೆ ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಇಂಡೆಕ್ಸ್ ಪ್ಲೇಟಿನ (ವೃತ್ತ ವೃತ್ತವಾಗಿ ತೂತು ಕೊರೆದ ತಟ್ಟೆಯ) 21 ತೂತಿನ ವೃತ್ತದಲ್ಲಿ ಇನ್ನೂ 9 ತೂತು ಮುಂದೆ ಹೋಗಬೇಕು. ಕ್ರ್ಯಾಂಕಿನ ಪಿನ್ ಆಗಲೇ ಕೂತಿರುವ ತೂತನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಡಿದರೆ ಪ್ರತಿ ಸಲ 8 ತೂತು ಮಾತ್ರ ಹೋದ ಹಾಗೆ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಅರ್ಧ ಡಿಗ್ರಿಯೂ ಇಲ್ಲ. ಆದರೆ 28 ಸಲ ಸೇರಿ 12 ಡಿಗ್ರಿ ಆಗುತ್ತದೆ, ಕೊನೆಗೆ ಹೆಚ್ಚುಕಡಿಮೆ ಒಂದು ಹಲ್ಲಿನಷ್ಟು ಜಾಗ ಉಳಿದುಬಿಡುತ್ತದೆ. ಆ ಬ್ಲಾಂಕ್, ಅಂದರೆ ಹಲ್ಲು ಕಡಿಯಲು ಇಟ್ಟ ಉರುಟು ಲೋಹ, ಮತ್ತೆ ಗುಜರಿಗೇ.

ಆದ್ದರಿಂದ ಇನ್ನು ಮೇಲೆ ಯಾವ ಗೇರ್‌ಗೂ ನೇರವಾಗಿ ಹಲ್ಲು ಕಡಿಯುವುದಿಲ್ಲ. ಮೊದಲು ಕಟ್ಟರನ್ನು ಬರೀ ತಾಗಿಸಿ, ಸುತ್ತ ತೆಳ್ಳಗೆ ಗೀರು ಹಾಕುತ್ತೇವೆ. ಕೊನೆಯ ಗೀರಿನ ನಂತರ ಇನ್ನೊಂದು ಸಲ ಕ್ರ್ಯಾಂಕ್ ತಿರುಗಿಸಿದಾಗ ಕಟ್ಟರ್ ಸರಿಯಾಗಿ ಮೊದಲನೇ ಗೀರಿಗೇ ಬರಬೇಕು. ಬಂದರೆ ಮಾತ್ರ ಪೂರ್ತಿ ಆಳಕ್ಕೆ ಕಡಿಯುತ್ತೇವೆ. ನಿಂತು ನೋಡುವ ಮನಸ್ಸಿದ್ದರೆ ಖಂಡಿತ ಬನ್ನಿ, ನಮಗೆ ಸಂತೋಷವೇ.

ಇನ್ನೊಂದು ಒಳ್ಳೆಯ ಸುದ್ದಿ ಉಂಟು. ಚೇಂಜ್ ಗೇರ್ (ಲೆಕ್ಕಕ್ಕೆ ತಕ್ಕಂತೆ ಬದಲಿಸಿ ಜೋಡಿಸುವ ಗೇರ್) ಸಮೇತ ಹೊಸ ಯೂನಿವರ್ಸಲ್ ಡಿವೈಡಿಂಗ್ ಹೆಡ್ ಬಂದಿದೆ. ನಮ್ಮ ಮೂರು ಪ್ಲೇಟುಗಳಲ್ಲಿ 50 ಹಲ್ಲಿನವರೆಗೆ ಎಲ್ಲ ಲೆಕ್ಕವೂ ಸಿಗುತ್ತದೆ, 51, 53, 57ರಂಥವು ಸಿಗುವುದಿಲ್ಲ. ಅವನ್ನು ಇಷ್ಟು ದಿನ ಮಂಗಳೂರಿಗೆ ಕಳಿಸುತ್ತಿದ್ದೆವು. ಈಗ 53 ಹಲ್ಲು ಬೇಕಾದರೆ ಕ್ರ್ಯಾಂಕನ್ನು 56ರ ಲೆಕ್ಕಕ್ಕೆ, ಅಂದರೆ 21ರ ವೃತ್ತದಲ್ಲಿ 15 ತೂತಿಗೆ ಹೊಂದಿಸುತ್ತೇವೆ. ಕಡಿಮೆ ಬೀಳುವಷ್ಟು ದೂರ ಪ್ಲೇಟೇ ಚೇಂಜ್ ಗೇರ್‌ಗಳ ಮೂಲಕ ತಾನಾಗಿ ಮುಂದೆ ಸರಿಯುತ್ತದೆ. ಇಂಥ ಕೆಲಸಕ್ಕೆ ಎರಡು ದಿನ ಬೇಕು. ಓರೆ ಹಲ್ಲಿನ ಗೇರ್‌ಗೂ ಅದೇ ಚೇಂಜ್ ಗೇರ್‌ಗಳು ಬೇಕಾಗುವುದರಿಂದ, ಓರೆ ಹಲ್ಲೂ ಇದ್ದು 53ರಂಥ ಲೆಕ್ಕವೂ ಇದ್ದರೆ ಈಗಲೂ ನಮ್ಮಲ್ಲಿ ಆಗದು. ಅದನ್ನು ಮೊದಲೇ ಹೇಳಿಬಿಡುತ್ತೇವೆ, ಸುಮ್ನೆ ಕಾಯಿಸುವುದಿಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ಮುರಿದ ಗೇರ್ ಜೊತೆ ಅದಕ್ಕೆ ಕೂಡುವ ಗೇರನ್ನೂ ತನ್ನಿ. ಹಳೇ ಎಣ್ಣೆಮಿಲ್ಲಿನ, ಕಬ್ಬಿನ ಹಾಲಿನ ಯಂತ್ರದ ಕೆಲವು ಗೇರ್‌ಗಳು ಇಂಚಿನ ಲೆಕ್ಕದ ಡಿ.ಪಿ. (ಡಯಾಮೆಟ್ರಲ್ ಪಿಚ್) ಅನ್ನುವ ಹಲ್ಲಿನ ಅಳತೆಯವು, ಹೊಸವು ಮಿಲಿಮೀಟರ್ ಲೆಕ್ಕದ ಮಾಡ್ಯೂಲ್‌ನವು. ಹಲ್ಲು ಸವೆದಿದ್ದರೆ ಅಳತೆ ಮೋಸ ಮಾಡುತ್ತದೆ, ಜೋಡಿ ಗೇರ್ ಕೈಯಲ್ಲಿದ್ದರೆ ಅನುಮಾನ ಇರುವುದಿಲ್ಲ. ಬಿಚ್ಚಿ ತರಲು ಆಗದಿದ್ದರೆ ಅದರ ಹಲ್ಲು ಎಣಿಸಿ, ಹೊರ ಅಳತೆ ಮತ್ತು ಎರಡು ಶಾಫ್ಟ್‌ಗಳ ನಡುವಿನ ಅಂತರ ಬರೆದು ತನ್ನಿ. ಮುರಿದ ಚೂರುಗಳನ್ನೂ ಬಿಸಾಡಬೇಡಿ.

ಮಜೂರಿ ಇನ್ನು ಹಲ್ಲಿನ ಲೆಕ್ಕದಲ್ಲಿ. ಗೀರು ಹಾಕಿ ನೋಡುವುದಕ್ಕೆ ಬೇರೆ ಹಣ ಇಲ್ಲ. ಶಾಫ್ಟಿನ ತುದಿಗೆ ಚೌಕ ಅಥವಾ ಆರು ಮೂಲೆ ಮಾಡುವುದು, ಬೋರ್ (ನಡುವಿನ ತೂತು), ಕೀ ವೇ (ಕೀ ಕೂರುವ ಸೀಳು), ಲೇತ್ ಕೆಲಸ ಇವೆಲ್ಲ ಮೊದಲಿನ ಹಾಗೆ ಅದೇ ದಿನ. ಅಡಿಕೆ ಸುಲಿಯುವ ಯಂತ್ರದ ಗೇರ್‌ಗಳನ್ನು ಸೀಸನ್ ಶುರುವಾಗುವ ಮೊದಲೇ ತೋರಿಸಿದರೆ ನಿಮಗೂ ನಮಗೂ ಅನುಕೂಲ, ಅಲ್ವಾ?

ಇತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ
ಬದಿಯಡ್ಕ, ಕಾಸರಗೋಡು