ಮಗಳಿಗೊಂದು ಪತ್ರ: ಅಂದು ಹಾರಿಸಿದ ಪಾಠ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನೆ ರಾತ್ರಿ ಫೋನಿನಲ್ಲಿ, 'ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಪ್ಲಾಸೆಂಟಾ ಕೆಳಗಿದೆ ಅಂದ್ರು, ಹಾಗಂದ್ರೆ ಏನಪ್ಪಾ?' ಅಂತ ಕೇಳಿದೆ. ನಾನು 'ಅಮ್ಮಂಗೆ ಕೊಡ್ತೀನಿ ಇರು' ಅಂತ ಫೋನ್ ದಾಟಿಸಿಬಿಟ್ಟೆ. ಮೂವತ್ತೊಂದು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು! ಹತ್ತನೇ ಕ್ಲಾಸಿನಲ್ಲಿ ನೀನು ಎರಡನೇ ಬೆಂಚಿನಲ್ಲಿ ಕೂತಿದ್ದಾಗಲೂ ಇದನ್ನೇ ಮಾಡಿದ್ದೆ. ದಾಸವಾಳದ ಹೂ ಕೊಯ್ದು ತಂದು ಕೇಸರ, ಶಲಾಕೆ ಎಲ್ಲ ಬಿಡಿಸಿ ತೋರಿಸಿದವನು, ಮನುಷ್ಯರ ಪುಟ ಬಂದ ತಕ್ಷಣ 'ಇದನ್ನ ಮನೇಲಿ ಓದ್ಕೊಳ್ಳಿ' ಅಂತ ಮುಂದಿನ ಪಾಠಕ್ಕೆ ಹಾರಿದ್ದೆ. ಬಾಯಲ್ಲಿ ಬರದ್ದು ಪೆನ್ನಿನಲ್ಲಾದರೂ ಬರಲಿ ಅಂತ ಬೆಳಿಗ್ಗೆಯಿಂದ ಕೂತಿದ್ದೀನಿ.

ಮೊದಲು ನಿನ್ನ ಗಾಬರಿ. ಪ್ಲಾಸೆಂಟಾ ಅಂದ್ರೆ ಜರಾಯು, ಗರ್ಭಕೋಶದ ಗೋಡೆಗೆ ಅಂಟಿಕೊಂಡು ನಿನ್ನಿಂದ ಮಗುವಿಗೆ ಆಹಾರ ದಾಟಿಸೋ ಅಂಗ. ಈ ತಿಂಗಳಲ್ಲಿ ಅದು ಕೆಳಗಿದ್ದರೂ ಹೆಚ್ಚಿನವರಲ್ಲಿ ಆಮೇಲೆ ಗರ್ಭಕೋಶದ ಬಾಯಿಂದ ದೂರ ಸರಿಯುತ್ತೆ. ಅದೇನೂ ಎದ್ದು ನಡೆಯಲ್ಲ, ಅಂಟಿಕೊಂಡಿರೋ ಗೋಡೆಯೇ ಹಿಗ್ಗುತ್ತಾ ಅದನ್ನು ಮೇಲಕ್ಕೆ ಒಯ್ಯುತ್ತೆ. 32ನೇ ವಾರದ ಹೊತ್ತಿಗೆ ಇನ್ನೊಮ್ಮೆ ನೋಡ್ತಾರೆ. ನಡುವೆ ಒಂದು ತೊಟ್ಟು ರಕ್ತ ಕಂಡರೂ, ನೋವಿರಲಿ ಇಲ್ಲದಿರಲಿ, ನಮಗೆ ಫೋನ್ ಮಾಡ್ತಾ ಕೂರಬೇಡ. ನೇರ ಆಸ್ಪತ್ರೆಗೆ ಹೋಗು.

ಜರಾಯು ಅನ್ನೋದು ಪುಸ್ತಕದ ಮಾತು. ನಮ್ಮೂರಲ್ಲಿ ಅದು ಕಸ. ಹಸು ಕರು ಹಾಕಿದ ರಾತ್ರಿ ನಿನ್ನಜ್ಜಿ ಲಾಟೀನು ಹಿಡಿದು ಕೊಟ್ಟಿಗೆಯಲ್ಲೇ ಕೂತಿರೋರು. 'ಕಸ ಬಿತ್ತೇನೋ?' ಅನ್ನೋದೊಂದೇ ಮಾತು. ಬಿದ್ದದ್ದನ್ನು ಹುಲ್ಲಿನಲ್ಲಿ ಸುತ್ತಿ, ಹರಕು ಗೋಣಿಯಲ್ಲಿ ಕಟ್ಟಿ, ಬೆಳಗಾದ ಮೇಲೆ ಊರಾಚೆಯ ಆಲದ ಮರಕ್ಕೆ ನೇತುಹಾಕಿ ಬರೋದು ನನ್ನ ಪಾಲಿನ ಕೆಲಸ. ಆಲದ್ದು ಹಾಲು ಸುರಿಸೋ ಮರ, ಹಸುವೂ ಹಾಗೇ ಹಾಲು ಕೊಡಲಿ ಅಂತ. ನಾನು ಮೂಗು ಮುಚ್ಚಿಕೊಂಡು ಕಟ್ಟಿ, ಹಿಂದೆ ನೋಡದೆ ಓಡಿಬರ್ತಿದ್ದೆ.

ಆ ಕಸ ಎಂಥದ್ದು ಕೇಳು. ಅಂಡಾಶಯದಿಂದ ಹೊರಬಿದ್ದ ಅಂಡ ಬದುಕೋದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೂ ಕಾಯಬಲ್ಲದು. ಎರಡೂ ಅಂಡನಾಳದಲ್ಲಿ ಕೂಡಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಗರ್ಭಕೋಶಕ್ಕಿಳಿದು ಗೋಡೆಗೆ ಅಂಟೋಕೆ ಆರೇಳು ದಿನ ಬೇಕು. ಅಷ್ಟರಲ್ಲೇ ಆ ಪುಟ್ಟ ಮುದ್ದೆಯಲ್ಲಿ ಪಾಲಾಗಿರುತ್ತೆ. ಒಳಗಿನ ಕೋಶಗಳು ಮಗುವಾಗೋಕೆ, ಹೊರಗಿನವು ಜರಾಯುವಾಗೋಕೆ. ಹಾಗಾಗಿ ಜರಾಯು ಬಹುಪಾಲು ನಿನ್ನದಲ್ಲ, ಮಗುವಿನದೇ.

ಹೊರಗಿನ ಕೋಶಗಳು ಗೋಡೆಗೆ ಅಂಟುತ್ತಲೇ ಎಚ್‌ಸಿಜಿ ಅನ್ನೋ ಹಾರ್ಮೋನು ಸುರಿಸತೊಡಗುತ್ತವೆ. ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಉಳಿದಿರುತ್ತೆ. ಗರ್ಭಕೋಶದ ಒಳಪದರ ಕಳಚದಂತೆ ಹಿಡಿದಿಡೋ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಬರೋದು ಅಲ್ಲಿಂದ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಆ ಗಂಟು ಬತ್ತಿ ಮುಟ್ಟಾಗುತ್ತೆ. ನಿಂತರೆ, ಎಚ್‌ಸಿಜಿ ಹೋಗಿ 'ನಾನು ಬಂದಿದ್ದೀನಿ, ಅಂಗಡಿ ಮುಚ್ಚಬೇಡ' ಅನ್ನುತ್ತೆ. ನೀನು ಫೋಟೋ ಕಳಿಸಿದ್ದ ಕಡ್ಡಿಯಲ್ಲಿ ಎರಡನೇ ಗೆರೆ ಮೂಡಿಸಿದ್ದು ಇದೇ. ನಿನ್ನಮ್ಮ ಅದನ್ನು ನೋಡಿ 'ಎರಡು ಗೆರೆ ಅಂದ್ರೆ ಅವಳಿನಾ?' ಅಂದಿದ್ದಳು.

ಮೂರು ತಿಂಗಳು ತುಂಬೋ ಮೊದಲೇ ಜರಾಯುವಿಗೆ ಆ ಗಂಟಿನ ಹಂಗು ತಪ್ಪುತ್ತೆ, ಪ್ರೊಜೆಸ್ಟರಾನ್ ತಾನೇ ಮಾಡಿಕೊಳ್ಳುತ್ತೆ. ಗರ್ಭಕೋಶ ಹಿಂಡದಂತೆ ಸುಮ್ಮನಿರಿಸೋದು ಈ ಪ್ರೊಜೆಸ್ಟರಾನ್ ಕೆಲಸ. ಕರುಳನ್ನೂ ಸುಮ್ಮನಿರಿಸಿಬಿಡುತ್ತೆ, ನಿನ್ನ ಮಲಬದ್ಧತೆಗೆ ಅದೂ ಒಂದು ಕಾರಣ. ಜರಾಯುವಿನ ಬೇರೆ ಹಾರ್ಮೋನುಗಳು ನಿನ್ನ ಇನ್ಸುಲಿನ್‌ಗೆ ಅಡ್ಡಗಾಲು ಹಾಕಿ ಮಗುವಿಗೆ ಸಕ್ಕರೆ ಉಳಿಸುತ್ತವೆ. 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡೋದು ಅದಕ್ಕೇ, ತಪ್ಪಿಸಬೇಡ. ಇಷ್ಟೆಲ್ಲ ಒಡನಾಟ ಇದ್ದರೂ ನಿಮ್ಮಿಬ್ಬರ ರಕ್ತ ಬೆರೆಯಲ್ಲ. ತೆಳು ಪೊರೆಯ ಆಚೆ ಅದರದು, ಈಚೆ ನಿನ್ನದು.

ಹೆರಿಗೆ ನೋವಿಗೆ ಬಲ ಕೊಡೋದು ಮಿದುಳಿಂದ ಬರೋ ಆಕ್ಸಿಟೋಸಿನ್ ಅನ್ನೋ ಹಾರ್ಮೋನು. ಮಗುವಿನ ತಲೆ ಒತ್ತಿದಷ್ಟೂ ಅದು ಸುರಿಯುತ್ತೆ, ಸುರಿದಷ್ಟೂ ಗರ್ಭಕೋಶ ಹಿಂಡುತ್ತೆ. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ನಾಳೆ ನಿನಗೂ ಅದರ ಇಂಜೆಕ್ಷನ್ ಕೊಟ್ಟಾರು, ಕಸ ಬೀಳೋ ಹೊತ್ತಿಗೆ ಹೆಚ್ಚು ರಕ್ತ ಹೋಗದಿರಲಿ ಅಂತ.

ಬಿದ್ದ ಕಸ ಊಟದ ತಟ್ಟೆಯಷ್ಟಗಲ, ಸುಮಾರು ಅರ್ಧ ಕೆಜಿ. ಅಲ್ಲಿಯವರೆಗೆ ಎದೆಹಾಲು ಉಕ್ಕದಂತೆ ತಡೆದಿದ್ದದ್ದು ಅದರ ಪ್ರೊಜೆಸ್ಟರಾನೇ. ಕಸ ಹೋಯಿತು, ತಡೆ ಹೋಯಿತು, ಎರಡು ಮೂರು ದಿನಕ್ಕೆ ಹಾಲು ತುಂಬಿ ಬರುತ್ತೆ. (ಅದಕ್ಕೆ ಮುಂಚೆ ಬರೋ ಗಟ್ಟಿ ಹಳದಿ ಹಾಲನ್ನು ಯಾರು ಏನೇ ಹೇಳಲಿ ಚೆಲ್ಲಬೇಡ.) ಕಾಲೇಜಿನಲ್ಲಿ ಇದನ್ನು ಓದಿದ ದಿನ ನನಗೆ ಆ ಆಲದ ಮರ ನೆನಪಾಗಿತ್ತು. ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. 'ಅದಕ್ಕೇ ಅಲ್ವೇನೋ ನಾವು ಕಟ್ಟೋದು' ಅಂದರು.

ನಿನ್ನಮ್ಮ ಇದನ್ನೆಲ್ಲ ಓದಿಸಿಕೊಂಡು ಕೇಳಿದಳು. 'ಇಷ್ಟೆಲ್ಲ ಗೊತ್ತಿದ್ದವರು ನಾನು ಇವಳನ್ನ ಹೆರುವಾಗ ಹೊರಗೆ ಪೇಪರ್ ಓದ್ತಾ ಕೂತಿದ್ರಿ' ಅಂತಿದ್ದಾಳೆ. ನಿಜವೇ. ಸ್ಕ್ಯಾನ್ ರಿಪೋರ್ಟಿನ ಎರಡೂ ಪುಟ ವಾಟ್ಸಾಪ್ ಮಾಡು. ಭಾನುವಾರ ನಾನೇ ಫೋನ್ ಮಾಡ್ತೀನಿ, ಅಮ್ಮನಿಗೆ ದಾಟಿಸಲ್ಲ.

ನಿನ್ನ ಅಪ್ಪ