ಮುಚ್ಚಳ ಬದಲಿಸಿದರೂ ಆರದ ಎಂಜಿನ್ ದೀಪ

ಮಾನ್ಯ ಸಂಪಾದಕರೇ,

ಕಾರಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ಆಗಲೂ ಆರದಿದ್ದರೆ ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ಎಂಬ ಸಲಹೆ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಅದನ್ನು ಊರಿಗೆ ಕಳಿಸುತ್ತಾರೆ, ಊರಿನವರು ತಮ್ಮ ಕಾರಿನ ಮೇಲೆ ಪ್ರಯೋಗ ಮಾಡುತ್ತಾರೆ. ಸಲಹೆಯ ಮೊದಲ ಭಾಗ ಇಲ್ಲಿನ, ಅಂದರೆ ಅಮೆರಿಕದ, ಕಾರುಗಳಿಗೆ ಒಂದು ಮಟ್ಟಿಗೆ ಸರಿ. ಎರಡನೆಯ ಭಾಗ ಎಲ್ಲಿಯೂ ಸರಿಯಲ್ಲ. ಎರಡೂ ಕಡೆಯ ಓದುಗರು ನಿಮಗಿರುವುದರಿಂದ ವಿಷಯವನ್ನು ತುಸು ಬಿಡಿಸಿ ಬರೆಯುತ್ತಿದ್ದೇನೆ.

ಮುಚ್ಚಳಕ್ಕೂ ಎಂಜಿನ್ ದೀಪಕ್ಕೂ ಸಂಬಂಧ ಬಂದದ್ದು ಅಮೆರಿಕದ ಕಾನೂನಿನಿಂದ. 1996ರ ಮಾದರಿಯಿಂದ ಇಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯ. ಹೊಗೆ ಕೊಳವೆಯಿಂದ ಬರುವುದರ ಜೊತೆಗೆ ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯನ್ನೂ ಅದು ಕಾಯುತ್ತದೆ. ಆವಿ ಮೊದಲು ಇದ್ದಿಲು ತುಂಬಿದ ಡಬ್ಬಿಗೆ, ಅಂದರೆ ಕ್ಯಾನಿಸ್ಟರ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೆ ಬಿಡುತ್ತದೆ, ಅಲ್ಲಿ ಸುಟ್ಟುಹೋಗುತ್ತದೆ. ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬರುವ ದಾರಿಯಲ್ಲಿ ವೆಂಟ್ ವಾಲ್ವ್ ಇರುತ್ತದೆ. ಕಾರಿನ ಕಂಪ್ಯೂಟರ್ ಆಗಾಗ ಎರಡೂ ವಾಲ್ವ್ ಮುಚ್ಚಿ, ಟ್ಯಾಂಕಿನೊಳಗೆ ಸ್ವಲ್ಪ ನಿರ್ವಾತವನ್ನೋ ಒತ್ತಡವನ್ನೋ ಹಿಡಿದಿಟ್ಟು, ಅದು ಇಳಿಯುತ್ತದೆಯೇ ಎಂದು ನೋಡುತ್ತದೆ. ಇಳಿದರೆ ಎಲ್ಲೋ ತೂತಿದೆ ಎಂದು ಅರ್ಥ. ಮೊದಮೊದಲು 1 ಮಿಲಿಮೀಟರ್ ತೂತನ್ನು ಹಿಡಿದರೆ ಸಾಕಿತ್ತು. 2000ದ ಆಸುಪಾಸಿನ ಮಾದರಿಗಳಿಂದ ಅರ್ಧ ಮಿಲಿಮೀಟರ್ ತೂತನ್ನೂ ಹಿಡಿಯಬೇಕು. ಟೊಯೊಟಾದ ಹಲವು ಮಾದರಿಗಳಲ್ಲಿ ಈ ಪರೀಕ್ಷೆ ಕಾರು ನಿಲ್ಲಿಸಿದ ಸುಮಾರು 5 ಗಂಟೆ ಬಳಿಕ ತಾನಾಗಿಯೇ ನಡೆಯುತ್ತದೆ. ರಾತ್ರಿ ಗ್ಯಾರೇಜಿನಲ್ಲಿ ನಿಂತ ಕಾರಿನ ಹಿಂಭಾಗದಿಂದ ಗುಂಯ್ ಎಂಬ ಸದ್ದು ಬಂದರೆ ಗಾಬರಿ ಬೇಡ, ಅದು ಪರೀಕ್ಷೆಯ ಪುಟ್ಟ ಪಂಪ್.

ಮುಚ್ಚಳದ ಎಚ್ಚರಿಕೆ ಕಾರಿನಿಂದ ಕಾರಿಗೆ ಬೇರೆ. ಹೋಂಡಾದಲ್ಲಿ ಇಂಧನದ ಮುಚ್ಚಳ ಬಿಗಿ ಮಾಡಿ ಎಂಬ ಸಾಲು ಬರುತ್ತದೆ. ಕ್ರೈಸ್ಲರ್ ಗುಂಪಿನ ಹಳೆಯ ಕಾರುಗಳಲ್ಲಿ ಓಡೋಮೀಟರ್ ಜಾಗದಲ್ಲೇ ಗ್ಯಾಸ್‌ಕ್ಯಾಪ್ ಎಂಬ ಅಕ್ಷರಗಳು ಮೂಡುತ್ತವೆ. ಮುಚ್ಚಳವೇ ಇಲ್ಲದ ಫೋರ್ಡ್ ಕಾರುಗಳಲ್ಲಿ ತುಂಬುವ ಬಾಯಿಯನ್ನು ನೋಡಿ ಎಂದು ಹೇಳುತ್ತದೆ. ಈ ಯಾವ ಸಾಲನ್ನೂ ಅಕ್ಷರಶಃ ನಂಬಬಾರದು. ಕಂಪ್ಯೂಟರ್‌ಗೆ ಗೊತ್ತಿರುವುದು ಒತ್ತಡ ನಿಲ್ಲಲಿಲ್ಲ ಎಂಬುದಷ್ಟೇ. ಪೆಟ್ರೋಲ್ ತುಂಬಿಸಿದ ಬೆನ್ನಿಗೇ ದೊಡ್ಡ ಸೋರಿಕೆ ಕಂಡರೆ ಅದು ಮುಚ್ಚಳವನ್ನು ಶಂಕಿಸುತ್ತದೆ.

ಆದ್ದರಿಂದ ಮೊದಲ ಕೆಲಸ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವುದು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸುವ ಸಾದಾ ರೀಡರ್ 20-30 ಡಾಲರ್‌ಗೆ ಸಿಗುತ್ತದೆ. ಹಲವು ರಾಜ್ಯಗಳಲ್ಲಿ ಬಿಡಿಭಾಗದ ಅಂಗಡಿಯವರು ಪುಕ್ಕಟೆಯಾಗಿ ಓದಿಕೊಡುತ್ತಾರೆ. ಪಿ0457 ಬಂದರೆ ಮುಚ್ಚಳ ಸಡಿಲ ಅಥವಾ ಇಲ್ಲ. ಪಿ0455 ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿ ಸಣ್ಣದು. ಪಿ0441 ಮತ್ತು ಪಿ0496 ಪರ್ಜ್ ಕಡೆಗೆ, ಪಿ0446 ವೆಂಟ್ ಕಡೆಗೆ ಬೆರಳು ಮಾಡುತ್ತವೆ. ಅಳಿಸುವ ಮೊದಲು ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯನ್ನೂ ಬರೆದುಕೊಳ್ಳಿ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಕಾರು ಎಷ್ಟು ವೇಗದಲ್ಲಿತ್ತು, ಹಲವು ಕಾರುಗಳಲ್ಲಿ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು ಎಂಬುದೂ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಒಂದು ಮಾತು ಇಲ್ಲಿಯೇ ಹೇಳಬೇಕು. ದೀಪ ಒಂದೇ ಸಮನೆ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ಮನೆ ತಲುಪಬಹುದು. ಮಿಣುಕುತ್ತಿದ್ದರೆ ಅದು ಮುಚ್ಚಳದ ವಿಷಯವೇ ಅಲ್ಲ, ಎಂಜಿನ್ ಮಿಸ್ ಹೊಡೆಯುತ್ತಿದೆ. ಸುಡದ ಪೆಟ್ರೋಲ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿಬಿಡಿ.

ಮುಚ್ಚಳ ನೋಡುವುದಕ್ಕೂ ಒಂದು ಕ್ರಮವಿದೆ. ತೆಗೆದು ತಿರುಗಿಸಿ, ರಬ್ಬರ್ ರಿಂಗನ್ನು ಸುತ್ತಲೂ ಉಗುರಿನಿಂದ ಒತ್ತಿ ನೋಡಿ. ಗಡಸಾಗಿದ್ದರೆ, ಚಪ್ಪಟೆಯಾಗಿದ್ದರೆ, ಕೂದಲೆಳೆಯ ಬಿರುಕಿದ್ದರೆ ಬದಲಿಸಿ. ಟ್ಯಾಂಕಿನ ಕುತ್ತಿಗೆಯ ಅಂಚಿನಲ್ಲಿ ಬೆರಳಾಡಿಸಿ. ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ಹಿಮದ ರಾಜ್ಯಗಳಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಈ ಅಂಚಿಗೆ ತುಕ್ಕು ಹಿಡಿಯುತ್ತದೆ, ಆಗ ಎಂಥ ಹೊಸ ಮುಚ್ಚಳವೂ ಕೂರುವುದಿಲ್ಲ. ಮುಚ್ಚಳವನ್ನು ಹಿಡಿದಿರುವ ದಾರ ರಿಂಗ್ ಮತ್ತು ಕುತ್ತಿಗೆಯ ನಡುವೆ ಸಿಕ್ಕಿಕೊಂಡಿದೆಯೇ ನೋಡಿ. ಅನೇಕರು ತಪ್ಪಿಸಿಕೊಳ್ಳುವ ಕಾರಣವಿದು. ಕ್ಲಿಕ್ ಎನ್ನುವವರೆಗೆ ತಿರುಗಿಸಿ. ಕೆಲವಕ್ಕೆ ಒಂದೇ ಕ್ಲಿಕ್, ಕೆಲವಕ್ಕೆ ಮೂರು, ಎಷ್ಟೆಂದು ಸಾಮಾನ್ಯವಾಗಿ ಮುಚ್ಚಳದ ಮೇಲೆಯೇ ಇರುತ್ತದೆ. ಹೊಸದು ಕೊಳ್ಳುವುದಾದರೆ ನಿಮ್ಮ ಕಾರಿನ ಕಂಪನಿಯದನ್ನೇ ಕೊಳ್ಳಿ. ಮುಚ್ಚಳದೊಳಗೆ ಒತ್ತಡ ಬಿಡುವ ಸಣ್ಣ ವಾಲ್ವ್ ಇರುತ್ತದೆ. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಮಾರುವ ಅಗ್ಗದ ಮುಚ್ಚಳ ಹೊರಗಿನಿಂದ ಸರಿಯಾಗಿ ಕೂತಂತೆ ಕಂಡರೂ ಒಳಗಿನ ವಾಲ್ವ್ ಸೋರಬಹುದು.

ಮುಚ್ಚಳ ಸರಿಪಡಿಸಿದ ಮರುಗಳಿಗೆಯಲ್ಲೇ ದೀಪ ಆರುವುದಿಲ್ಲ. ಸಾಮಾನ್ಯವಾಗಿ ದೋಷ ಎರಡು ಸಲ ಸಾಲಾಗಿ ಕಂಡರೆ ದೀಪ ಹತ್ತುತ್ತದೆ, ಮೂರು ಸಲ ಸಾಲಾಗಿ ಪರೀಕ್ಷೆ ಪಾಸಾದರೆ ಆರುತ್ತದೆ. ಆದರೆ ಪರೀಕ್ಷೆ ದಿನವೂ ನಡೆಯುವುದಿಲ್ಲ. ಬಹುತೇಕ ಕಾರುಗಳಲ್ಲಿ ಟ್ಯಾಂಕ್ ಸುಮಾರು ಶೇ 15ರಿಂದ 85ರ ನಡುವೆ ಇರಬೇಕು, ಕಾರು ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು, ಹೊರಗಿನ ಚಳಿಯೂ ಬಿಸಿಲೂ ಮಿತಿಯಲ್ಲಿರಬೇಕು. ಟ್ಯಾಂಕ್ ಯಾವಾಗಲೂ ಭರ್ತಿ ಇಡುವವರ ಕಾರಿನಲ್ಲಿ, ಜನವರಿಯ ಕೊರೆಯುವ ಚಳಿಯಲ್ಲಿ, ವಾರಗಟ್ಟಲೆ ಪರೀಕ್ಷೆಯೇ ಆಗದಿರಬಹುದು. ಅರ್ಧ ಟ್ಯಾಂಕ್ ಇಟ್ಟುಕೊಂಡು ಒಂದೆರಡು ವಾರ ಓಡಿಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ.

ಇಷ್ಟಾದ ಮೇಲೂ ಎಚ್ಚರಿಕೆ ಮರಳಿ ಬಂದರೆ ಎರಡನೆಯ ಮುಚ್ಚಳ ಕೊಳ್ಳಲು ಹೋಗಬೇಡಿ. ಮುಂದಿನ ಶಂಕೆ ಪರ್ಜ್ ವಾಲ್ವ್ ಮೇಲೆ. ಎಂಜಿನ್ನಿನ ಇನ್‌ಟೇಕ್ ಬಳಿ, ಬಾನೆಟ್ ಎತ್ತಿದರೆ ಕೈಗೆಟುಕುವ ಜಾಗದಲ್ಲಿ, ಎರಡು ಹೋಸ್ ಮತ್ತು ಒಂದು ವೈರ್ ಕನೆಕ್ಟರ್ ಇರುವ ಪ್ಲಾಸ್ಟಿಕ್ ಭಾಗ ಅದು. ಕರೆಂಟ್ ಇಲ್ಲದಾಗ ಪೂರ್ತಿ ಮುಚ್ಚಿರಬೇಕು. ಒಳಗೆ ಕಸ ಸೇರಿ ಅರೆಬರೆ ತೆರೆದು ನಿಂತರೆ ಸೋರಿಕೆ ಪರೀಕ್ಷೆ ಫೇಲಾಗುತ್ತದೆ. ಇದರ ಜೊತೆಗೆ ಇನ್ನೊಂದು ಲಕ್ಷಣ ಕಂಡರೆ ಶಂಕೆ ಗಟ್ಟಿಯಾಗುತ್ತದೆ: ಪೆಟ್ರೋಲ್ ತುಂಬಿಸಿದ ತಕ್ಷಣ ಕಾರು ಸ್ಟಾರ್ಟ್ ಆಗಲು ಒದ್ದಾಡುವುದು, ಸ್ಟಾರ್ಟ್ ಆದರೂ ನಡುಗುವುದು. ತುಂಬಿಸುವಾಗ ಎದ್ದ ಆವಿಯೆಲ್ಲ ಆ ತೆರೆದ ವಾಲ್ವ್ ದಾರಿಯಿಂದ ಎಂಜಿನ್ನಿಗೆ ನುಗ್ಗಿರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವ್‌ನ ವೈರ್ ಕನೆಕ್ಟರ್ ತೆಗೆಯಿರಿ, ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ, ವಾಲ್ವ್‌ನ ಬಾಯಿಗೆ ಬೆರಳು ಹಿಡಿಯಿರಿ. ಎಳೆತ ಇರಕೂಡದು. ಬೆರಳನ್ನು ಹೀರಿಕೊಂಡರೆ ವಾಲ್ವ್ ಕೆಟ್ಟಿದೆ. ಬೆಲ್ಟ್, ಫ್ಯಾನುಗಳಿಂದ ಕೈ, ಬಟ್ಟೆ ದೂರವಿರಲಿ, ಸಿಗರೇಟಿನವರು ಹತ್ತಿರ ಬರದಿರಲಿ. ವಾಲ್ವ್ ಹೊರತೆಗೆದು 12 ವೋಲ್ಟ್ ಕೊಟ್ಟಾಗ ಟಕ್ ಎಂದು ತೆರೆಯಬೇಕು, ತೆಗೆದಾಗ ಮುಚ್ಚಬೇಕು. ಹಲವು ಕಾರುಗಳಿಗೆ ಇದರ ಬೆಲೆ 100 ಡಾಲರ್‌ಗಿಂತ ಕಡಿಮೆ, ಬದಲಿಸುವ ಕೆಲಸ ಅರ್ಧ ಗಂಟೆಯದು.

ವೆಂಟ್ ವಾಲ್ವ್ ಇರುವುದು ಹಿಂದೆ, ಕ್ಯಾನಿಸ್ಟರ್ ಬಳಿ, ಕಾರಿನ ಹೊಟ್ಟೆಯಡಿ. ಧೂಳು, ಕೆಸರು, ಉಪ್ಪು ಎಲ್ಲ ಅದಕ್ಕೇ ಬಡಿಯುತ್ತದೆ. ಇದು ಪರ್ಜ್ ವಾಲ್ವ್‌ಗೆ ತದ್ವಿರುದ್ಧ, ಕರೆಂಟ್ ಇಲ್ಲದಾಗ ತೆರೆದಿರಬೇಕು. ತುಕ್ಕು ಹಿಡಿದು ಪೂರ್ತಿ ಮುಚ್ಚದಿದ್ದರೆ ಸೋರಿಕೆಯ ಕೋಡ್. ದಾರಿ ಕಟ್ಟಿಕೊಂಡರೆ ಪೆಟ್ರೋಲ್ ತುಂಬುವಾಗ ನಾಝಲ್ ಪದೇ ಪದೇ ತಾನಾಗಿ ನಿಲ್ಲುತ್ತದೆ, ಏಕೆಂದರೆ ಟ್ಯಾಂಕಿನ ಗಾಳಿಗೆ ಹೊರಹೋಗಲು ಜಾಗವಿರುವುದಿಲ್ಲ. 2011ರಲ್ಲಿ ಮಜ್ದಾ ಕಂಪನಿ ತನ್ನ ಮಜ್ದಾ 6 ಕಾರುಗಳನ್ನು ಅಮೆರಿಕದಲ್ಲಿ ವಾಪಸ್ ಕರೆಸಿಕೊಂಡದ್ದು ಈ ವೆಂಟ್ ಕೊಳವೆಯಲ್ಲಿ ಹಳದಿ ಜೇಡ ಬಲೆ ಕಟ್ಟುತ್ತಿತ್ತೆಂಬ ಕಾರಣಕ್ಕೆ. ಬಲೆಯಿಂದ ಗಾಳಿ ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ ಟ್ಯಾಂಕೇ ಬಿರುಕು ಬಿಡಬಹುದು ಎಂಬ ಭಯವಿತ್ತು. 2014ರಲ್ಲಿ ಅದೇ ಮಾದರಿಗೆ ಅದೇ ಕಾರಣಕ್ಕೆ ಇನ್ನೊಮ್ಮೆ ಕರೆ ಹೋಯಿತು.

ಎರಡೂ ವಾಲ್ವ್ ಚೆನ್ನಾಗಿದ್ದು ಕೋಡ್ ಮಾತ್ರ ಬರುತ್ತಿದ್ದರೆ ಊಹೆಯ ಮೇಲೆ ಭಾಗ ಬದಲಿಸಬೇಡಿ. ಹೊಗೆ ಪರೀಕ್ಷೆ, ಅಂದರೆ ಸ್ಮೋಕ್ ಟೆಸ್ಟ್ ಮಾಡಿಸಿ. ಸ್ಕ್ಯಾನರ್‌ನಿಂದ ವೆಂಟ್ ಮುಚ್ಚಿಸಿ, ಸುಮಾರು ಅರ್ಧ ಪಿಎಸ್‌ಐ ಒತ್ತಡದಲ್ಲಿ ಹೊಗೆ ಬಿಡುತ್ತಾರೆ, ಎಲ್ಲಿ ಹೊಗೆ ಕಂಡಿತೋ ಅಲ್ಲಿ ತೂತು. ಬಿರಿದ ಹೋಸ್, ಪೆಟ್ರೋಲ್ ಪಂಪ್ ಮೇಲಿನ ರಿಂಗ್, ತುಕ್ಕು ತಿಂದ ಕುತ್ತಿಗೆಯ ಪೈಪ್ ಎಲ್ಲವೂ ಹೀಗೆ ಬಯಲಾಗುತ್ತವೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್‌ನಿಂದ ಮನೆಯಲ್ಲೇ ಇದನ್ನು ಮಾಡಹೊರಡುವುದು ಅಪಾಯ. ಅಷ್ಟು ಒತ್ತಡಕ್ಕೆ ಟ್ಯಾಂಕೂ ಕ್ಯಾನಿಸ್ಟರೂ ತಡೆಯುವುದಿಲ್ಲ, ಗಾಳಿ ಮತ್ತು ಪೆಟ್ರೋಲ್ ಆವಿ ಸೇರಿದರೆ ಒಂದು ಕಿಡಿ ಸಾಕು.

ವಾಲ್ವ್‌ಗಳನ್ನೂ ಕ್ಯಾನಿಸ್ಟರನ್ನೂ ಕೆಡಿಸುವುದರಲ್ಲಿ ನಮ್ಮ ಕೈಯೇ ದೊಡ್ಡದು. ಊರಲ್ಲಿ ಬಂಕಿನ ಹುಡುಗ ತುಂಬಿಸುತ್ತಾನೆ. ನ್ಯೂಜೆರ್ಸಿ ಬಿಟ್ಟರೆ ಇಲ್ಲಿ ನಾವೇ ನಾಝಲ್ ಹಿಡಿಯಬೇಕು. ಹೊಸದಾಗಿ ಬಂದವರು ನಾಝಲ್ ತಾನಾಗಿ ನಿಂತ ಮೇಲೂ ಲೆಕ್ಕ ಸರಿಸಮ ಮಾಡಲೆಂದು ಮತ್ತೆರಡು ಸಲ ಒತ್ತುತ್ತಾರೆ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆಂದು ಬಿಟ್ಟ ಜಾಗಕ್ಕೆ ಪೆಟ್ರೋಲ್ ಏರಿ, ಆವಿಯ ಪೈಪಿನಲ್ಲಿ ದ್ರವವೇ ಹರಿದು ಇದ್ದಿಲು ನೆನೆಯುತ್ತದೆ. ನೆನೆದ ಇದ್ದಿಲು ಮುಂದೆ ಪುಡಿಯಾಗಿ ಪರ್ಜ್ ವಾಲ್ವ್‌ಗೆ ಸೇರುತ್ತದೆ. ವಾಲ್ವ್ ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದಾಗ ಕರಿ ಕಾಳು ಉದುರಿದರೆ ಕ್ಯಾನಿಸ್ಟರ್ ಮುಗಿದಿದೆ ಎಂದೇ ತಿಳಿಯಿರಿ. ಬರೀ ವಾಲ್ವ್ ಹಾಕಿದರೆ ಅದೂ ಬೇಗ ಕೆಡುತ್ತದೆ. ಕ್ಯಾನಿಸ್ಟರಿಗೆ ಹಲವು ಕಾರುಗಳಲ್ಲಿ ನೂರಾರು ಡಾಲರ್ ಬೀಳುತ್ತದೆ.

ಇನ್ನು ಬ್ಯಾಟರಿ ಬಿಚ್ಚುವ ವಿಚಾರ. ದೀಪ ಆರುತ್ತದೆ, ನಿಜ. ಆದರೆ ಅದರ ಜೊತೆಗೆ ಕಂಪ್ಯೂಟರ್ ಮಾಡಿ ಮುಗಿಸಿದ್ದ ಸ್ವಯಂಪರೀಕ್ಷೆಗಳ ದಾಖಲೆಯೂ ಅಳಿಯುತ್ತದೆ. ಕಾರಿನ ಮಾಲಿನ್ಯ ತಪಾಸಣೆ ಇರುವ ರಾಜ್ಯಗಳಲ್ಲಿ ಮೊದಲು ನೋಡುವುದೇ ಈ ದಾಖಲೆ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆಮೇಲಿನ ಮಾದರಿಯ ಪೆಟ್ರೋಲ್ ಕಾರಿಗೆ ಆವಿ ಪರೀಕ್ಷೆ ಒಂದು ಮಾತ್ರ ಬಾಕಿ ಇದ್ದರೆ ಅಡ್ಡಿಯಿಲ್ಲ, ಬೇರೆ ಯಾವುದು ಬಾಕಿ ಇದ್ದರೂ ಫೇಲ್. ನಾಳೆ ತಪಾಸಣೆ ಎಂದು ಇಂದು ರಾತ್ರಿ ಬ್ಯಾಟರಿ ಬಿಚ್ಚಿದವರು ವಾಪಸ್ ಬರುವುದು ಹೀಗೆ.

ಹಣ ಕೊಡುವ ಮೊದಲು ವಾರಂಟಿ ಪುಸ್ತಕ ತೆರೆಯಿರಿ. ಹೊಗೆ ನಿಯಂತ್ರಣದ ಭಾಗಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ 2 ವರ್ಷ ಅಥವಾ 24,000 ಮೈಲಿ, ಕಂಪ್ಯೂಟರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್‌ಗೆ 8 ವರ್ಷ ಅಥವಾ 80,000 ಮೈಲಿ. ಕ್ಯಾಲಿಫೋರ್ನಿಯಾ ನಿಯಮದಲ್ಲಿ 3 ವರ್ಷ ಅಥವಾ 50,000 ಮೈಲಿ, ದುಬಾರಿ ಭಾಗಗಳಿಗೆ 7 ವರ್ಷ ಅಥವಾ 70,000 ಮೈಲಿ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಪಿಝಡ್‌ಇವಿ (ತೀರಾ ಕಡಿಮೆ ಮಾಲಿನ್ಯದ ಕಾರು) ಎಂದಿದ್ದರೆ ಆ ರಾಜ್ಯದಲ್ಲಿ 15 ವರ್ಷ ಅಥವಾ 1,50,000 ಮೈಲಿಯವರೆಗೂ ರಕ್ಷಣೆ ಉಂಟು. ತಮ್ಮ ಕಾರಿಗೆ ಅದಿದೆ ಎಂದು ತಿಳಿಯದೆ ಕ್ಯಾನಿಸ್ಟರಿಗೆ ದುಡ್ಡು ಕೊಡುವವರಿದ್ದಾರೆ.

ಕರ್ನಾಟಕದ ಓದುಗರಿಗೆ ಹೇಳಬೇಕಾದದ್ದು ಬೇರೆಯೇ. ವಾಹನದ ಹೊಗೆಗೆ ಭಾರತದಲ್ಲಿರುವ ಬಿಎಸ್6 ನಿಯಮ ಯುರೋಪಿನ ಜಾಡಿನದು. ಅದರಲ್ಲಿ ಪರ್ಜ್ ವಾಲ್ವ್‌ನ ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂದು ನೋಡಿದರೆ ಸಾಕು, ಟ್ಯಾಂಕಿನ ಸೋರಿಕೆ ಹುಡುಕುವ ಒತ್ತಾಯವಿಲ್ಲ. ಹಾಗಾಗಿ ಮುಚ್ಚಳ ಸಡಿಲವೆಂದು ಎಂಜಿನ್ ದೀಪ ಹತ್ತುವುದು ಅಲ್ಲಿ ಅಪರೂಪ. ಇಲಿ ಕಡಿದ ವೈರ್, ಸೋತ ಇಗ್ನಿಷನ್ ಕಾಯಿಲ್, ಆಕ್ಸಿಜನ್ ಸೆನ್ಸರ್, ಡೀಸೆಲ್ ಕಾರಾದರೆ ಕಟ್ಟಿಕೊಂಡ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಅಥವಾ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಕಾರಣವಿರುವ ಸಂಭವ ಹೆಚ್ಚು. ಅಮೆರಿಕದಿಂದ ಬಂದ ಸಲಹೆ ನಂಬಿ ಮುಚ್ಚಳ ತಿರುಗಿಸುತ್ತಾ ವಾರ ಕಳೆದರೆ ಅಷ್ಟರಲ್ಲಿ ಕನ್ವರ್ಟರ್ ಹಾಳಾಗಬಹುದು. ಕ್ಯಾನಿಸ್ಟರ್ ಮಾತ್ರ ಅಲ್ಲಿನ ಪೆಟ್ರೋಲ್ ಕಾರುಗಳಲ್ಲೂ ಇದೆ, ಆದ್ದರಿಂದ ಆಟೊ ಕಟ್ ಆದ ಮೇಲೆ ರೌಂಡ್ ಫಿಗರ್ ಮಾಡಿ ಎಂದು ಬಂಕಿನಲ್ಲಿ ಹೇಳುವುದನ್ನು ಇವತ್ತೇ ನಿಲ್ಲಿಸಿ. ಗ್ಯಾರೇಜಿಗೆ ಹೋದಾಗ ಸ್ಕ್ಯಾನರ್ ಹಾಕಿದ ತಕ್ಷಣ, ಅಳಿಸುವುದಕ್ಕೆ ಮುಂಚೆ, ಕೋಡ್ ನಂಬರನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ದೀಪ ಮತ್ತೆ ಹತ್ತಿದಾಗ ಅದೇ ಕೋಡೋ ಹೊಸತೋ ಎಂದು ಹೋಲಿಸಲು ಮೆಕ್ಯಾನಿಕ್‌ಗೂ ನಿಮಗೂ ಆ ಚೀಟಿಯೇ ಆಧಾರ.

ಇಂತಿ,
ವಾಹನ ದುರಸ್ತಿ ತಂತ್ರಜ್ಞ
ಮಿಷಿಗನ್, ಅಮೆರಿಕ